ಬಾಗಿಲಿಗೆ ಎಣ್ಣೆ ಹಾಕಿದವನು

ಜುಲೈ 1, ಸೋಮವಾರ

ಕಂಪನಿಯ ಹಳೆಯ ಲಾಗ್‌ಬುಕ್ ಒಂದು ಖಾಲಿ ಉಳಿದಿತ್ತು, ಮನೆಗೆ ತಂದೆ. ಇಪ್ಪತ್ತೆರಡು ವರ್ಷದಿಂದ ಹಗಲೆಲ್ಲ ಲಿಫ್ಟ್ ರಿಪೇರಿ ಮಾಡಿ ಸಂಜೆ ಲಾಗ್ ಬರೆಯುತ್ತಾ ಬಂದವನಿಗೆ ಏನಾದರೂ ಗೀಚದಿದ್ದರೆ ಉಂಡದ್ದು ಅರಗುವುದಿಲ್ಲ. ಪ್ರತಿ ಪುಟದಲ್ಲೂ ಮೂರು ಅಂಕಣ ಅಚ್ಚಾಗಿವೆ: ದೂರು, ಕಾರಣ, ಪರಿಹಾರ. ಮನೆಯ ಸಂಗತಿ ಬರೆಯಲು ಇದಕ್ಕಿಂತ ಅನುಕೂಲವಾದ ಪುಸ್ತಕ ಅಂಗಡಿಯಲ್ಲಿ ಸಿಗಲಾರದು.

ಇಂದಿನ ದೂರು: ಹೆಂಡತಿಯ ಮಗಳ ಶಾಲೆಯಿಂದ ಒಂದು ಸುತ್ತೋಲೆ ಬಂದಿದೆ. ‘ಅಪ್ಪಂದಿರ ಗಂಟೆ’ಯಂತೆ. ಪ್ರತಿ ಬುಧವಾರ ಹನ್ನೊಂದರಿಂದ ಹನ್ನೆರಡರವರೆಗೆ ಅಪ್ಪ, ಅಜ್ಜ, ಮಾವ, ಅಪ್ಪನ ಜಾಗದಲ್ಲಿರುವ ಯಾರೇ ಆಗಲಿ, ಬಂದು ಮಕ್ಕಳು ಓದುವುದನ್ನು ಕೂತು ಕೇಳಬೇಕಂತೆ. ಹುಡುಗಿ ಅದನ್ನು ನನಗೆ ಕೊಡಲಿಲ್ಲ. ನಾಲ್ಕಾಗಿ ಮಡಿಚಿ ಕಸದ ಬುಟ್ಟಿಯ ಕಡೆಗೆ ಎಸೆದಿದ್ದಳು, ಬುಟ್ಟಿಯೊಳಗೆ ಬೀಳದ ಹಾಗೆ. ಹೆಂಡತಿಯ ಕೈಗೆ ಸಿಕ್ಕಿತು.

“ನಿಮಗೆ ಬುಧವಾರಾನೇ ತಾನೆ ರಜೆ? ಹೋಗಿ.”

“ನಾನು ಹೋದ್ರೆ ಅವಳಿಗೆ ಮುಜುಗರ ಆಗಲ್ವಾ?”

“ಮುಜುಗರ ಯಾರಿಗೆ ಅಂತ ಸರಿಯಾಗಿ ಹೇಳ್ರೀ.”

ನರ್ಸ್ ಕೆಲಸ ಮಾಡುವವಳನ್ನು ಮದುವೆಯಾಗಬಾರದು. ಮೈ ಮುಟ್ಟದೆಯೇ ಜ್ವರ ಎಷ್ಟಿದೆ ಎಂದು ಹೇಳಿಬಿಡುತ್ತಾಳೆ.

ಸುತ್ತೋಲೆಯ ಜೊತೆಗಿದ್ದ ಅರ್ಜಿಯಲ್ಲಿ ಒಂದು ಖಾಲಿ ಜಾಗ: ‘ಮಗುವಿಗೆ ನೀವು ಏನಾಗಬೇಕು?’ ಅರ್ಧ ಗಂಟೆ ಪೆನ್ನು ಹಿಡಿದು ಕೂತೆ. ಅಪ್ಪ ಎಂದು ಬರೆಯೋಣವೆಂದರೆ ಅವಳಪ್ಪ ಹಾಲ್‌ನ ಗೋಡೆಯ ಮೇಲೆ ಫೋಟೋದಲ್ಲಿದ್ದಾರೆ. ಅವಳಿಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡರು. ಮಲತಂದೆ ಎಂದು ಬರೆದರೆ ಮಕ್ಕಳಿಗೆ ಅನ್ನ ಹಾಕದೆ ಕಾಡಿಗಟ್ಟುವವನ ಹಾಗೆ ಕೇಳಿಸುತ್ತದೆ. ಅವಳನ್ನೇ ಕೇಳೋಣವೆಂದರೆ, ನಾನು ಈ ಮನೆಗೆ ಬಂದು ಎರಡು ವರ್ಷವಾದರೂ ಅವಳು ನನ್ನನ್ನು ಏನೆಂದೂ ಕರೆದಿಲ್ಲ. ಒಂಬತ್ತು ವರ್ಷದ ಹುಡುಗಿ, ಕರೆಯದೆಯೇ ಮಾತು ಮುಗಿಸುವ ಜಾಣತನ ನೋಡಬೇಕು. “ಸ್ನಾನಕ್ಕೆ ನೀರು ಕಾದಿದೆ” ಎಂದು ಗೋಡೆಗೆ ಹೇಳುತ್ತಾಳೆ. ಗೋಡೆಯ ಪರವಾಗಿ ನಾನು ಹೋಗಿ ಸ್ನಾನ ಮಾಡುತ್ತೇನೆ.

ಜಾಗ ಖಾಲಿ ಬಿಟ್ಟಿದ್ದೇನೆ.

ಜುಲೈ 3, ಬುಧವಾರ

ಹೋಗಿ ಬಂದೆ. ಮುನ್ನೂರು ಮಕ್ಕಳ ಶಾಲೆಗೆ ಬಂದಿದ್ದ ಅಪ್ಪಂದಿರು ಒಟ್ಟು ಇಬ್ಬರು. ಒಬ್ಬ ಬೇಕರಿಯವನು. ಬೆಳಗಿನ ಜಾವದಿಂದ ಬ್ರೆಡ್ ಬೇಯಿಸಿ ಬಂದಿದ್ದ. ಮಗು ಒಂದು ಪುಟ ಮುಗಿಸುವ ಮೊದಲೇ ಅವನ ಗದ್ದ ಎದೆಗೆ ತಾಗಿತ್ತು. ಇನ್ನೊಬ್ಬ ನಾನು. ನನ್ನ ಅರ್ಜಿ ನೋಡಿ ಗುಮಾಸ್ತ, “ಈ ಜಾಗ ತುಂಬಿಸದೆ ಕಾರ್ಡ್ ಕೊಡೋಕಾಗಲ್ಲ ಸಾರ್” ಎಂದ. ಅರ್ಜಿ ವಾಪಸ್ ಕೊಟ್ಟು, ಸದ್ಯಕ್ಕೆ ‘ಅತಿಥಿ’ ಎಂದು ಬರೆದ ಬಿಲ್ಲೆಯನ್ನು ಕೊರಳಿಗೆ ಹಾಕಿದ. ಎರಡು ವರ್ಷದಿಂದ ಮನೆಯಲ್ಲಿ ಹುಡುಕುತ್ತಿದ್ದ ಪದ ಇವನಿಗೆ ಒಂದೇ ನಿಮಿಷದಲ್ಲಿ ಸಿಕ್ಕಿತು.

ಕುರ್ಚಿಗಳು ಎಂಟು ವರ್ಷದವರ ಅಳತೆಯವು. ಕೂತರೆ ಮಂಡಿ ಕಿವಿಯ ಹತ್ತಿರ ಬರುತ್ತದೆ. ಆ ಭಂಗಿಯಲ್ಲಿ ನಾಲ್ಕು ಮಕ್ಕಳು ನನಗೆ ಕಪ್ಪೆಯ ಪಾಠ ಓದಿ ಹೇಳಿದರು. ಬೇಕೆಂದೇ ಆರಿಸಿಕೊಂಡರೋ ಏನೋ. ಹೆಂಡತಿಯ ಮಗಳು ದೂರದ ಮೂಲೆಯಲ್ಲಿ, ನಿದ್ದೆ ಹೋದ ಬೇಕರಿಯವನಿಗೆ ತನ್ನ ಪಾಠವನ್ನು ಪೂರ್ತಿ ಓದಿ ಮುಗಿಸಿದಳು.

ಓದುವ ಕೋಣೆಯ ಬಾಗಿಲು ಭಯಂಕರವಾಗಿ ಕಿರುಗುಟ್ಟುತ್ತದೆ. ಒಂದು ಗಂಟೆಯಲ್ಲಿ ಆರು ಸಲ ಹಲ್ಲು ಕಚ್ಚಿಕೊಂಡೆ.

ಜುಲೈ 6, ಶನಿವಾರ

ಹುಡುಗಿ ಅಮ್ಮನೆದುರು ‘ಯಾರು ಹೇಳಿ?’ ಆಡುತ್ತಿದ್ದಳು. ಬಾಯಲ್ಲಿ ಹೆಸರು ಹೇಳದೆ ಯಾರದಾದರೂ ನಡಿಗೆ, ದನಿ, ಚಾಳಿ ಮಾಡಿ ತೋರಿಸುವ ಆಟ. ತಪ್ಪು ಹೇಳಿದರೆ ತಲೆ ಅಲ್ಲಾಡಿಸುತ್ತಾಳೆ. ಸರಿ ಹೇಳಿದರೆ ಸೊಂಟ ಬಗ್ಗಿಸಿ ಸಲಾಂ ಹೊಡೆಯುತ್ತಾಳೆ. ಆಗಸ್ಟ್ ಏಳಕ್ಕೆ ಓದುವ ಕೋಣೆಯಲ್ಲಿ ಹೆತ್ತವರಿಗಾಗಿ ಕಾರ್ಯಕ್ರಮವಿದೆಯಂತೆ, ಅಲ್ಲಿ ಇದೇ ಆಟ ಆಡುತ್ತಾಳಂತೆ. ಶಾಲೆ ಶುರುವಾದಾಗಿನಿಂದ ಬೇರೆ ಮಾತೇ ಇಲ್ಲ.

ನಾನು ಪೇಪರ್ ಮರೆಯಿಂದ ನೋಡಿದೆ. ಮಹಡಿಯ ಮೇಲಿನ ಅಜ್ಜಿ ಮೆಟ್ಟಿಲು ಹತ್ತುವುದು, ಹಾಲಿನವನು ಕೆಮ್ಮುವುದು, ಅವಳಮ್ಮ ಥರ್ಮಾಮೀಟರ್ ಜಾಡಿಸುವುದು. ಆಹಾ, ಒಂದಕ್ಕಿಂತ ಒಂದು! ಆಮೇಲೆ ಹೆಂಡತಿಯನ್ನು ಕೇಳಿದೆ.

“ಇಡೀ ಬೀದಿಯನ್ನ ಮಾಡ್ತಾಳೆ. ನನ್ನನ್ನ ಯಾಕೆ ಮಾಡಲ್ಲ?”

“ಚೆನ್ನಾಗಿ ನೋಡಿದವರನ್ನ ಮಾತ್ರ ಮಾಡ್ತಾಳೆ.”

ಎರಡು ವರ್ಷದಿಂದ ಎದುರಿಗೇ ಕೂತು ಊಟ ಮಾಡುತ್ತಿದ್ದೇನೆ. ಇನ್ನೆಷ್ಟು ಹತ್ತಿರ ಕೂರಬೇಕೋ.

ಜುಲೈ 10, ಬುಧವಾರ

ಇಂದು ಒಂದು ಘನಕಾರ್ಯ ಮಾಡಿದೆ. ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ ಚೀಲದಿಂದ ಎಣ್ಣೆಡಬ್ಬಿ ತೆಗೆದು ಆ ಬಾಗಿಲಿನ ಮೂರೂ ಕೀಲುಗಳಿಗೆ ಎಣ್ಣೆ ಬಿಟ್ಟೆ. ನಾಲ್ಕು ಸಲ ಆಡಿಸಿದೆ. ಸದ್ದೇ ಇಲ್ಲ. ಬಾಗಿಲೋ ಬೆಣ್ಣೆಯೋ ಎನ್ನಬೇಕು.

ಹೆಂಡತಿಯ ಮಗಳು ನೀರಿನ ಬಾಟಲಿ ಮರೆತು ವಾಪಸ್ ಬಂದಳು. ಬಾಗಿಲು ದೂಡಿದಳು. ನಿಂತಳು. ಇನ್ನೊಮ್ಮೆ ದೂಡಿದಳು.

“ಎಣ್ಣೆ ಹಾಕಿದ್ದಾ?” ಎಂದು ಬಾಗಿಲನ್ನೇ ಕೇಳಿದಳು.

“ಹೂಂ. ಹೇಗಿದೆ?”

ಬಾಟಲಿ ಎತ್ತಿಕೊಂಡು ಹೋದಳು. ಮೆಚ್ಚಿಗೆಗೆ ಮಾತು ಹೊರಟಿರಲಿಕ್ಕಿಲ್ಲ ಅಂದುಕೊಂಡು ನನಗೆ ಎರಡು ಕೋಡು ಮೂಡಿದವು.

ಜುಲೈ 17, ಬುಧವಾರ

ಬರೆಯುವುದಿಲ್ಲ.

ಜುಲೈ 18, ಗುರುವಾರ

ಬರೆಯದಿದ್ದರೆ ಉಂಡದ್ದು ಅರಗುವುದಿಲ್ಲ ಎಂದು ಮೊದಲ ಪುಟದಲ್ಲೇ ಜಂಬ ಕೊಚ್ಚಿದ್ದೇನೆ. ಅನುಭವಿಸಬೇಕು.

ನಿನ್ನೆ ಬೇಕರಿಯವನು ಗೊರಕೆಗೆ ಇಳಿದ ಮೇಲೆ ಮಕ್ಕಳು ಪುಸ್ತಕ ಮುಚ್ಚಿಟ್ಟರು. ನಾನು ಕಂಡೂ ಕಾಣದವನ ಹಾಗೆ ಕೂತೆ. ಹುಡುಗಿ ಎದ್ದು ನಿಂತು ‘ಯಾರು ಹೇಳಿ?’ ಶುರುಮಾಡಿದಳು. ಇಲ್ಲದ ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿ, ಕೈ ಹಿಂದೆ ಕಟ್ಟಿ, ಹಿಮ್ಮಡಿಯ ಮೇಲೆ ತಿರುಗಿ, “ಏನು ನಡೀತಿದೆ ಇಲ್ಲಿ? ನನಗೂ ಹೇಳಿ, ನಾನೂ ನಗ್ತೀನಿ” ಎಂದಳು. ಸಾಕ್ಷಾತ್ ಹೆಡ್‌ಮಿಸ್! ಕೋಣೆಯೆಲ್ಲ “ಹೆಡ್‌ಮಿಸ್! ಹೆಡ್‌ಮಿಸ್!” ಎಂದು ಕೂಗಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಹುಡುಗಿ ಬಗ್ಗಿ ಸಲಾಂ ಹೊಡೆದಳು.

“ನನಗೂ ಹೇಳಿ, ನಾನೂ ನಗ್ತೀನಿ.”

ಎರಡನೇ ಸಲ ಹೇಳಿದ್ದು ಹುಡುಗಿಯಲ್ಲ. ಬಾಗಿಲಲ್ಲಿ ನಿಂತಿದ್ದವರು. ಯಾವಾಗ ಬಂದರೋ ಯಾರಿಗೂ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ಇಷ್ಟು ವರ್ಷ ಅವರು ಬರುವುದನ್ನು ಮೊದಲೇ ಸಾರುತ್ತಿದ್ದ ಬಾಗಿಲಿನ ಬಾಯಿಗೆ ನಾನು ಎಣ್ಣೆ ಬಿಟ್ಟಿದ್ದೆನಲ್ಲ. ಮೂವತ್ತು ಮಕ್ಕಳೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಹೆಡ್‌ಮಿಸ್ ಹುಡುಗಿಗೆ, ಆಗಸ್ಟ್ ಏಳರ ಕಾರ್ಯಕ್ರಮದಲ್ಲಿ ನೀನಿಲ್ಲ, ಇನ್ನು ಮೇಲೆ ಬುಧವಾರದ ಈ ಗಂಟೆ ಸ್ಟಾಫ್ ರೂಮಿನಲ್ಲಿ ಕೂರು ಎಂದರು. ಆಮೇಲೆ ನನ್ನ ಕಡೆ ನೋಡಿದರು.

“ನೀವಲ್ವಾ ಇವಳ ತಂದೆ?”

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಗೋಡೆಯನ್ನಲ್ಲ, ಬಾಗಿಲನ್ನಲ್ಲ, ನನ್ನನ್ನು.

ನಾನು ಎದ್ದು ನಿಂತೆ. ಕುರ್ಚಿ ನನ್ನ ಹಿಂಭಾಗಕ್ಕೆ ಅಂಟಿಕೊಂಡೇ ಬಂತು. “ಅಲ್ಲ ಮೇಡಂ” ಎಂದೆ. “ನಾನು ಲಿಫ್ಟ್ ರಿಪೇರಿ.”

ಆ ಶಾಲೆಗೆ ಇರುವುದು ಒಂದೇ ಅಂತಸ್ತು.

ಜುಲೈ 19, ಶುಕ್ರವಾರ

ನಾನು ಅಪ್ಪನ ಜಾಗಕ್ಕೆ ಬರುವುದು ಹುಡುಗಿಗೆ ಇಷ್ಟವಿಲ್ಲವೇನೋ, ಅವಳ ಅಪ್ಪನ ಹೆಸರನ್ನು ನಾನು ಕಿತ್ತುಕೊಂಡ ಹಾಗಾಗಬಾರದು, ಅದಕ್ಕೇ ಹಾಗೆ ಹೇಳಿದೆ. ಇದು ಹೆಂಡತಿಗೆ ನಾನು ಕೊಟ್ಟ ವಿವರಣೆ. ಅವಳು ಬಟ್ಟೆ ಮಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು.

“ಹೆದರಿದ್ರಿ” ಎಂದಳು.

“ಹೂಂ.”

“ಅವಳು ಬಂದು ನನ್ನ ಹತ್ರ ಏನು ಹೇಳಿದ್ಲು ಗೊತ್ತಾ? ‘ಅಲ್ಲ ಅಂದ್ರು, ಅಮ್ಮ’ ಅಂದ್ಲು. ಅಷ್ಟೇ. ಕಾರ್ಯಕ್ರಮ ಹೋಯ್ತು ಅಂತ ಅಳ್ಲಿಲ್ಲ, ಇದಕ್ಕೆ ಅತ್ಲು.”

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: ಸದ್ದು ಕೇಳಿದ ತಕ್ಷಣ ಸ್ಪ್ಯಾನರ್ ಹಿಡಿಯಬೇಡ. ಲಿಫ್ಟ್‌ನೊಳಗೆ ನಿಂತು ಮೂರು ಸಲ ಮೇಲೆ ಕೆಳಗೆ ಹೋಗು, ಗೋಡೆಗೆ ಕಿವಿ ಕೊಡು, ಆ ಸದ್ದು ಯಾಕಿದೆ ಅಂತ ತಿಳಿ, ಆಮೇಲೆ ಕೈ ಹಾಕು. ಮನೆಯ ನಲ್ಲಿ ಪೈಪ್ ಸದ್ದು ಮಾಡಿದರೂ ನಾನು ಮೊದಲು ಗೋಡೆಗೇ ಕಿವಿ ಇಡುವುದು. ಇಪ್ಪತ್ತೆರಡು ವರ್ಷ ತಪ್ಪದೆ ಪಾಲಿಸಿದ್ದೇನೆ, ಕಬ್ಬಿಣದ ವಿಷಯದಲ್ಲಿ.

ಎರಡು ದಿನದಿಂದ ಹುಡುಗಿ ಗೋಡೆಗೂ ಏನೂ ಹೇಳುತ್ತಿಲ್ಲ. ತಣ್ಣೀರಲ್ಲೇ ಸ್ನಾನ.

ಜುಲೈ 22, ಸೋಮವಾರ

ಒಂದು ಗಂಟೆ ರಜೆ ಕೇಳಿಕೊಂಡು ಹೆಡ್‌ಮಿಸ್ ಕೋಣೆಗೆ ಹೋದೆ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ನಲವತ್ತಾರು ವರ್ಷದವನು ಕೈ ಕಟ್ಟಿ ನಿಂತೆ.

“ಬುಧವಾರ ನಿಮಗೆ ಸುಳ್ಳು ಹೇಳ್ದೆ ಮೇಡಂ.”

“ಮಕ್ಕಳು ಸುಳ್ಳು ಹೇಳಿದ್ರೆ ಅಪ್ಪಂದಿರನ್ನ ಕರೆಸ್ತೀನಿ. ಅಪ್ಪಂದಿರೇ ಹೇಳಿದ್ರೆ ಯಾರನ್ನ ಕರೆಸ್ಲಿ?”

“ನಮ್ಮಮ್ಮ ಇದಾರೆ. ನಿಮಗಿಂತ ಜೋರು.”

ಬಾಯಿ ತಪ್ಪಿ ಬಂತು. ನಾಲಿಗೆ ಕಚ್ಚಿಕೊಂಡೆ. ಅವರು ಕನ್ನಡಕ ಮೇಲಕ್ಕೇರಿಸಿದರು, ಥೇಟ್ ನಮ್ಮ ಹುಡುಗಿ ಮಾಡಿದ ಹಾಗೇ. ಅರ್ಜಿ ತೆಗೆದು ಮುಂದಿಟ್ಟೆ.

“‘ತಂದೆ’ ಅಂತ ಪೆನ್ಸಿಲಲ್ಲಿ ಬರೆದಿದೀರಲ್ಲ?”

“ಅವಳು ಬೇಡ ಅಂದ್ರೆ ಅಳಿಸೋಕೆ ಸುಲಭ ಅಂತ.”

ಅವರು ಅರ್ಜಿಯನ್ನು ಫೈಲಿನೊಳಗೆ ಸೇರಿಸಿದರು. ಆಮೇಲೆ ಬೇರೆಯೇ ದನಿಯಲ್ಲಿ, “ಬಾಗಿಲಿಗೆ ಎಣ್ಣೆ ಹಾಕಿದ್ದು ನೀವಾ?” ಎಂದರು.

ಹೌದೆಂದೆ. ಈ ಒಂದು ವಿಷಯಕ್ಕಾದರೂ ಬೆನ್ನು ತಟ್ಟಿಯಾರು ಎಂಬ ಆಸೆ ಇನ್ನೂ ಇತ್ತು, ನನ್ನ ಬುದ್ಧಿಗೆ ಏನು ಹೇಳಬೇಕು.

“ಹನ್ನೆರಡು ವರ್ಷದಿಂದ ಆ ಬಾಗಿಲನ್ನ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ ನಾನು. ನಾನು ಬರ್ತಿದೀನಿ ಅಂತ ಅವರಿಗೆ ಗೊತ್ತಾಗ್ಬೇಕಲ್ಲ. ಕಣ್ಣಿಗೆ ಬಿದ್ರೆ ಶಿಕ್ಷೆ ಕೊಡ್ಲೇಬೇಕಾಗತ್ತೆ ನೋಡಿ. ನಿಧಾನವಾಗಿ ದೂಡ್ತಿದ್ದೆ, ಅಷ್ಟರಲ್ಲಿ ಎಲ್ಲರೂ ಪುಸ್ತಕ ತೆಗೆದಿರ್ತಿದ್ರು. ಬುಧವಾರ ನಿಧಾನವಾಗೇ ದೂಡಿದೆ.”

ಇಂಗು ತಿಂದ ಮಂಗನ ಹಾಗೆ ನಿಂತೆ.

ಕೊನೆಗೆ ತೀರ್ಪು ಬಂತು. ನಾನು ಬಾಗಿಲನ್ನು ಮೊದಲಿದ್ದ ಹಾಗೆ ಮಾಡಬೇಕು. ಅಪ್ಪಂದಿರ ಗಂಟೆಗೆ ಇನ್ನೂ ಮೂರು ಜನ ಅಪ್ಪಂದಿರನ್ನು ಹಿಡಿದು ತರಬೇಕು. ತಂದರೆ ಹುಡುಗಿಗೆ ಕಾರ್ಯಕ್ರಮದಲ್ಲಿ ಜಾಗ. “ಸುತ್ತೋಲೆ ಕಳಿಸಿ ಕಳಿಸಿ ನನಗೆ ಸಾಕಾಗಿದೆ” ಎಂದರು.

ಜುಲೈ 24, ಬುಧವಾರ

ಸದ್ದು ಅಡಗಿಸುವುದೇ ನನ್ನ ಕಸುಬು. ಸದ್ದು ಹುಟ್ಟಿಸುವುದು ಹೇಗೆಂದು ಯಾವ ಮೇಸ್ತ್ರಿಯೂ ಹೇಳಿಕೊಟ್ಟಿಲ್ಲ. ಬೆಳಿಗ್ಗೆಯೇ ಹೋಗಿ ಕೀಲುಗಳ ಸಲಾಕೆ ಕಳಚಿ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ. ಬೋರ್ಡಿನ ಕೆಳಗಿನ ಸೀಮೆಸುಣ್ಣದ ಪುಡಿ ಬಳಿದು ಮತ್ತೆ ಜೋಡಿಸಿದೆ. ದೂಡಿದರೆ ಬಾತುಕೋಳಿ ಕೂಗಿದ ಹಾಗಾಯಿತು. ಇನ್ನೊಮ್ಮೆ ಬಿಚ್ಚಿದೆ. ಈಗ ಮುದುಕರ ಬಿಕ್ಕಳಿಕೆ.

“ಹಿಂಗಲ್ಲ.”

ತಿರುಗಿದರೆ ಹುಡುಗಿ. ಸ್ಟಾಫ್ ರೂಮಿಗೆ ಹೋಗುತ್ತಿದ್ದವಳು ಪುಸ್ತಕ ಎದೆಗವಚಿ ನಿಂತಿದ್ದಳು. ಒಂದು ವಾರದ ಮೇಲೆ ಕೇಳಿದ ಮೊದಲ ಮಾತು.

“ಮತ್ತೆ ಹೇಗೆ?”

ಅವಳು ಕಣ್ಣು ಮುಚ್ಚಿಕೊಂಡಳು. ಮೊದಲು ಸಣ್ಣಗೆ, ಆಮೇಲೆ ಉದ್ದಕ್ಕೆ, ಕೊನೆಯಲ್ಲಿ ಒಂದು ಚೂರು ಎಳೆದು, ಬಾಗಿಲನ್ನೇ ಬಾಯಲ್ಲಿ ಮಾಡಿ ತೋರಿಸಿದಳು. ನಾನು ಕೇಳಿದ ಬಾಗಿಲುಗಳಲ್ಲೇ ಅತ್ಯುತ್ತಮ ಬಾಗಿಲು.

ಆಮೇಲೆ ಇಬ್ಬರೂ ನೆಲದ ಮೇಲೆ ಕೂತೆವು. ನಾನು ಸ್ಕ್ರೂ ತಿರುಗಿಸುವುದು, ಅವಳು ಕಿವಿ ಕೊಟ್ಟು ತೀರ್ಪು ಹೇಳುವುದು. “ಮೊದಲನೇದು ಸಾಲ್ದು.” “ಈಗ ಜಾಸ್ತಿ ಆಯ್ತು.” “ಮೇಲಿನ ಕೀಲು ಸುಮ್ನಿರ್ಲಿ, ಕೆಳಗಿಂದು ಮಾತ್ರ.” ಇಷ್ಟು ಚುರುಕಾದ ಕಿವಿ ನಮ್ಮ ಕಂಪನಿಯಲ್ಲಿ ಒಬ್ಬನಿಗೂ ಇಲ್ಲ. ನಾನು ಬಗ್ಗಿಕೊಂಡೇ, ಮುಖ ನೋಡದೆ ಹೇಳಿದೆ:

“ಆವತ್ತು ನಾನು ಹಾಗೆ ಅನ್ನಬಾರದಿತ್ತು. ಹೆದರಿಬಿಟ್ಟೆ. ತಪ್ಪಾಯ್ತು.”

ಅವಳು ಕೆಳಗಿನ ಕೀಲಿಗೆ ಕಿವಿ ಕೊಟ್ಟಳು.

“ಸ್ಕ್ರೂ ಇನ್ನೂ ಬಿಗಿಯಾಗಿದೆ” ಎಂದಳು.

ಸಡಿಲ ಮಾಡಿದೆ. ಬಾಗಿಲು ಸಣ್ಣಗೆ ಶುರುವಾಗಿ ಉದ್ದಕ್ಕೆ ಕಿರುಗುಟ್ಟಿತು. ಅವಳು ತಲೆಯಾಡಿಸಿ ಎದ್ದು ಹೋದಳು. ಸಂಜೆ ಗೋಡೆಗೆ ನೀರು ಕಾದ ಸುದ್ದಿ ಹೇಳಿದಳು.

ಜುಲೈ 29, ಸೋಮವಾರ

ಅಪ್ಪಂದಿರನ್ನು ಹಿಡಿಯುವುದು ಇಲಿ ಹಿಡಿಯುವುದಕ್ಕಿಂತ ಕಷ್ಟ. ಎಲ್ಲರಿಗೂ ಬುಧವಾರವೇ ಕೆಲಸ. ನನ್ನ ಕ್ಷೌರಿಕನ ಮಗನೂ ಅದೇ ಶಾಲೆ, ಅವನನ್ನು ಅವನದೇ ಕುರ್ಚಿಯಲ್ಲಿ ಕೂತು ಒಪ್ಪಿಸಿದೆ. “ಹೋಗಿ ಏನ್ ಮಾಡ್ಲಿ ಸಾರ್? ನನಗೆ ಓದೋಕೆ ಅಷ್ಟಕ್ಕಷ್ಟೇ” ಎಂದ. “ಅವರೇ ಓದ್ತಾರೆ, ನೀನು ಕೇಳ್ಸಿಕೊಂಡ್ರೆ ಸಾಕು. ಕೇಳಿಸಿಕೊಳ್ಳೋದು ನಿನ್ನ ಕಸುಬೇ ಅಲ್ವಾ?” ಎಂದೆ. ಬೇಕರಿಯವನು ತನ್ನ ಬಾಮೈದನನ್ನು ಎಳೆದು ತರುವುದಾಗಿ ಹೇಳಿದ್ದಾನೆ. ಇಬ್ಬರೂ ಸರದಿಯ ಮೇಲೆ ನಿದ್ದೆ ಮಾಡುತ್ತಾರೇನೋ.

ಮೂರನೆಯವನು ಇಂದು ತಾನಾಗಿ ಸಿಕ್ಕಿಬಿದ್ದ. ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿತ್ತು. ಒಳಗಿದ್ದವನು ಬಾಗಿಲಿನ ಸಂದಿಯಿಂದ, “ಬೇಗ ತೆಗೀರಿ, ಮಗನನ್ನ ಶಾಲೆಯಿಂದ ಕರ್ಕೊಂಡು ಬರ್ಬೇಕು” ಎಂದ. ಯಾವ ಶಾಲೆ ಎಂದು ಕೇಳಿದೆ. ನಮ್ಮದೇ ಶಾಲೆ!

“ಬುಧವಾರ ಹನ್ನೊಂದು ಗಂಟೆಗೆ ಬಿಡುವಿದೆಯಾ ಸಾರ್?”

“ಏನು ಬೇಕಾದ್ರೂ ಮಾಡ್ತೀನಿ, ಮೊದಲು ಬಾಗಿಲು ತೆಗೀರಿ ಮಾರಾಯ್ರೇ!”

ಆಗಲೇ ತೆಗೆಯಬಹುದಿತ್ತು. ಹೆಸರು, ಮಗನ ತರಗತಿ ಬರೆದುಕೊಂಡು ತೆಗೆದೆ. ಕಂಪನಿಗೆ ತಿಳಿದರೆ ಕೆಲಸ ಹೋಗುತ್ತದೆ. ಲಾಗ್‌ನಲ್ಲಿ ‘ಪರಿಹಾರ: ಪ್ರಯಾಣಿಕರನ್ನು ಸಮಾಧಾನಪಡಿಸಿ ಹೊರತರಲಾಯಿತು’ ಎಂದು ಬರೆದಿದ್ದೇನೆ.

ಜುಲೈ 31, ಬುಧವಾರ

ಮೂವರೂ ಬಂದರು. ಹೆಡ್‌ಮಿಸ್ ಬಾಗಿಲನ್ನು ನಿಧಾನವಾಗಿ ದೂಡಿದರು. ಸದ್ದು ಮುಗಿಯುವಷ್ಟರಲ್ಲಿ ಮಕ್ಕಳ ಜೊತೆಗೆ ಐದು ಜನ ಅಪ್ಪಂದಿರೂ ಪುಸ್ತಕಕ್ಕೆ ತಲೆ ಹಾಕಿದ್ದೆವು. ನನ್ನ ಪುಸ್ತಕ ತಲೆಕೆಳಗಾಗಿತ್ತು.

ಮಗಳಿಗೆ ಕಾರ್ಯಕ್ರಮದಲ್ಲಿ ಜಾಗ ಸಿಕ್ಕಿತು, ಸ್ಟಾಫ್ ರೂಮಿನ ಶಿಕ್ಷೆಯೂ ಮುಗಿಯಿತು. ಇಂದು ತನ್ನ ಪಾಠವನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಓದಿದಳು. ನನಗಲ್ಲ, ಕ್ಷೌರಿಕನಿಗೆ. ಆದರೂ ಪಕ್ಕದ ಕುರ್ಚಿ.

ಆಗಸ್ಟ್ 7, ಬುಧವಾರ

ಇದನ್ನು ಕ್ರಮವಾಗಿ ಬರೆಯಬೇಕು.

ಓದುವ ಕೋಣೆ ತುಂಬಿತ್ತು. ಹೆಂಡತಿ ಆಸ್ಪತ್ರೆಯಿಂದ ನೇರ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಬಾಗಿಲ ಬಳಿ ನಿಂತಿದ್ದೆ. ಆ ಕುರ್ಚಿಗಳನ್ನು ಇನ್ನು ನಂಬುವುದಿಲ್ಲ.

ಮಗಳ ಸರದಿ ಬಂತು. ಮೊದಲು ಕೂತಲ್ಲೇ ಗದ್ದವನ್ನು ಎದೆಗೆ ತಾಗಿಸಿದಳು. “ಬೇಕರಿ ಅಂಕಲ್!” ಸಲಾಂ. ಆಮೇಲೆ ಕನ್ನಡಕ ಮೇಲಕ್ಕೇರಿಸಿದಳು. ಮಕ್ಕಳು ಉಸಿರು ಬಿಗಿಹಿಡಿದರು. “ನಾನು!” ಎಂದು ಕೂಗಿದವರು ಸ್ವತಃ ಹೆಡ್‌ಮಿಸ್. ಅವರಿಗೂ ಒಂದು ಸಲಾಂ. ಮಾತು ಕೊಟ್ಟ ಹಾಗೆ ಅವರೂ ನಕ್ಕರು.

ಮೂರನೆಯದಕ್ಕೆ ಮಗಳು ಗೋಡೆಯ ಹತ್ತಿರ ಹೋದಳು. ಕಿವಿ ಗೋಡೆಗಿಟ್ಟಳು. ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ಒಂದು ಬೆರಳು ಮೇಲೆತ್ತಿ ನಿಂತಳು. ಪಾಪ, ಯಾರೋ ಹಲ್ಲುನೋವಿನವರಿರಬೇಕು ಅಂದುಕೊಂಡೆ. ಆಮೇಲೆ ಅವಳು ಪೆನ್ನು ಹಿಡಿದು ಏನನ್ನೋ ಬರೆಯುವ ಹಾಗೆ ಮಾಡಿದಳು, ತಲೆಯೆತ್ತಿ ಫ್ಯಾನ್ ನೋಡಿದಳು, ಪೆನ್ನಿನಿಂದ ಕಿವಿ ಕೆರೆದುಕೊಂಡಳು, ಮತ್ತೆ ಬರೆದಳು. ಹೆಂಡತಿ ನನ್ನ ಕಡೆ ತಿರುಗಿ ಬಾಯಿಗೆ ಸೆರಗು ಹಿಡಿದಾಗಲೇ ನನಗೆ ಹೊಳೆದದ್ದು. ನಾನು ಪೆನ್ನಿನಿಂದ ಕಿವಿ ಕೆರೆದುಕೊಳ್ಳುತ್ತೇನೆಯೇ? ಈಗ ನೋಡಿದರೆ ಕೆರೆದುಕೊಳ್ಳುತ್ತಲೇ ಇದ್ದೇನೆ.

“ಲಿಫ್ಟ್ ರಿಪೇರಿಯವರು!” ಎಂದು ಒಬ್ಬ ಕೂಗಿದ. ಮಗಳು ತಲೆ ಅಲ್ಲಾಡಿಸಿದಳು.

“ಎಣ್ಣೆ ಅಂಕಲ್!” ಅಲ್ಲವೆಂದಳು.

“ಅತಿಥಿ! ಬಿಲ್ಲೆ ಹಾಕ್ಕೊಂಡಿರ್ತಾರಲ್ಲ, ಅತಿಥಿ!” ಎಲ್ಲರೂ ನಕ್ಕರು. ಅದೂ ಅಲ್ಲವೆಂದಳು. ಬೆರಳು ಮೇಲೆತ್ತಿ, ಕಾಯುತ್ತಾ ನಿಂತಳು. 

ಮುಂದಿನ ಸಾಲಿನಿಂದ, ಎದುರಿನ ಎರಡು ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಅನುಮಾನದಿಂದ, “ನಿಮ್ಮಪ್ಪ?” ಎಂದಳು.

ಮಗಳು ಸೊಂಟ ಬಗ್ಗಿಸಿ ಸಲಾಂ ಹೊಡೆದಳು.

ಚಪ್ಪಾಳೆ ಬಿತ್ತು. ನನಗೆ ಕಣ್ಣು ಮಂಜಾಯಿತು, ಮೂಗು ಸೋರಲು ಶುರುವಾಯಿತು, ಕರವಸ್ತ್ರ ಚೀಲದಲ್ಲಿತ್ತು, ಚೀಲ ಹೊರಗಿತ್ತು. ಯಾರಿಗೂ ಕಾಣದ ಹಾಗೆ ಆಚೆ ಹೋಗಿ ಅತ್ತು ಬರೋಣವೆಂದು ಚಪ್ಪಾಳೆ ಮುಗಿಯುವ ಹೊತ್ತಿಗೆ ಮೆಲ್ಲಗೆ ಬಾಗಿಲು ದೂಡಿದೆ.

ಮೊದಲು ಸಣ್ಣಗೆ, ಆಮೇಲೆ ಉದ್ದಕ್ಕೆ, ಕೊನೆಯಲ್ಲಿ ಒಂದು ಚೂರು ಎಳೆದು. ಇಡೀ ಕೋಣೆ ತಿರುಗಿ ನೋಡಿತು.

ನಾಳೆ ಶಾಲೆಗೆ ಹೋಗಿ ಅರ್ಜಿಯಲ್ಲಿ ಪೆನ್ಸಿಲಿನ ಮೇಲೆ ಪೆನ್ನಿನಿಂದ ಬರೆದು ಬರಬೇಕು.

ದೂರು: ಓದುವ ಕೋಣೆಯ ಬಾಗಿಲು ಕಿರುಗುಟ್ಟುತ್ತದೆ. ಗುಟ್ಟಾಗಿ ಯಾರೂ ಹೊರಗೆ ಹೋಗುವಂತಿಲ್ಲ.

ಕಾರಣ: ಮಗಳು ಮತ್ತು ನಾನು.

ಪರಿಹಾರ: ಬೇಡ.